ಹತ್ತು ಜನರ ಪ್ರಾರ್ಥನೆ, ಹಲವರ ವಂತಿಗೆ

ಪೂಜಾರಿಯಿಲ್ಲದ ಗುಡಿ ಎಂದರೆ ನಮ್ಮ ಕಡೆಯ ಜನಕ್ಕೆ ಬಾಗಿಲು ಮುಚ್ಚಿದ ಗುಡಿ ಎಂದೇ ಅರ್ಥ. ದೇವರಿಗೂ ಭಕ್ತನಿಗೂ ನಡುವೆ ನಿಲ್ಲಲು ಒಬ್ಬನು ಬೇಕೆಂಬ ಭಾವನೆ ಅಷ್ಟು ಬಲವಾಗಿ ಬೇರೂರಿದೆ. ಆದರೆ ಹೀಗೆ ನಡುವೆ ನಿಲ್ಲುವವನಿಲ್ಲದೆಯೇ ಬಹುಕಾಲ ತನ್ನ ಧರ್ಮವನ್ನು ಉಳಿಸಿಕೊಂಡು ಬಂದ ಸಮಾಜವೊಂದು ನಮ್ಮ ನೆರೆಯ ಕೊಂಕಣದಲ್ಲಿಯೇ ಇದೆ. ಅದು ಬೆನೆ ಇಸ್ರೇಲ್ ಎಂಬ ಯೆಹೂದ್ಯ ಸಮಾಜ. ಅದರ ಕಥೆಯಲ್ಲಿ ನಮ್ಮ ಶ್ರೀರಂಗಪಟ್ಟಣಕ್ಕೂ ಒಂದು ಪಾತ್ರವುಂಟು.

ಕ್ರಿ.ಶ. 70ರಲ್ಲಿ ರೋಮನರು ಜೆರುಸಲೇಮಿನ ದೇವಾಲಯವನ್ನು ನಾಶಮಾಡಿದರು. ಅಲ್ಲಿಗೆ ಬಲಿಪೂಜೆ ನಿಂತಿತು. ಪುರೋಹಿತವರ್ಗದ ಅಧಿಕಾರವೂ ಕುಂದಿತು. ಉಳಿದದ್ದು ಪ್ರಾರ್ಥನೆ, ತೋರಾ ಗ್ರಂಥದ ಪಾರಾಯಣ, ಅವೆರಡಕ್ಕೂ ಜನ ಕೂಡುವ ಸಿನಗಾಗ್. ರಬ್ಬಿ ಎಂಬವನು ಧರ್ಮಶಾಸ್ತ್ರ ಬಲ್ಲ ಗುರುವೇ ಹೊರತು ಅರ್ಚಕನಲ್ಲ. ಅವನಿಲ್ಲದಿದ್ದರೆ ಪ್ರಾರ್ಥನೆ ನಿಲ್ಲುವುದಿಲ್ಲ. ಮಂತ್ರ ಬಲ್ಲ ಯಾವ ಗೃಹಸ್ಥನಾದರೂ ಮುಂದೆ ನಿಂತು ನಡೆಸಬಹುದು. ಆದರೆ ಒಂದು ನಿಯಮವುಂಟು. ಹದಿಮೂರು ವರ್ಷ ತುಂಬಿದ ಹತ್ತು ಜನ ಗಂಡಸರು ಸೇರದೆ ತೋರಾದ ಸಾರ್ವಜನಿಕ ಪಾರಾಯಣವಿಲ್ಲ. ಸತ್ತವರಿಗಾಗಿ ಹೇಳುವ ಕದ್ದಿಶ್ ಪ್ರಾರ್ಥನೆಯೂ ಇಲ್ಲ. ಈ ಹತ್ತರ ಕೂಟಕ್ಕೆ ಮಿನ್ಯಾನ್ ಎಂದು ಹೆಸರು. ಒಂಬತ್ತು ಮಂದಿ ಮಹಾಪಂಡಿತರು ಕೂಡಿದರೂ ಹತ್ತನೆಯವನಾಗಿ ಒಬ್ಬ ಸಾಮಾನ್ಯ ಬೇಕೇ ಬೇಕು. ಇತ್ತೀಚಿನ ಕಾಲದಲ್ಲಿ ಕೆಲವು ಪಂಥಗಳು ಹೆಂಗಸರನ್ನೂ ಈ ಎಣಿಕೆಗೆ ಸೇರಿಸಿಕೊಂಡಿವೆ.

ಕೊಂಕಣದ ಬೆನೆ ಇಸ್ರೇಲರು ಮರಾಠಿ ಮಾತನಾಡುತ್ತ, ಎಣ್ಣೆಗಾಣ ತಿರುಗಿಸಿ ಬಾಳಿದವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ನೆರೆಹೊರೆಯವರು ಅವರನ್ನು ಶನಿವಾರ ತೇಲಿಗಳೆಂದು, ಎಂದರೆ ಶನಿವಾರದ ಗಾಣಿಗರೆಂದು ಕರೆದರು. ಬಹುಕಾಲ ಅವರಿಗೆ ಸಿನಗಾಗ್ ಇರಲಿಲ್ಲ. ಶನಿವಾರದ ವಿರಾಮ, ಸುನ್ನತಿ, ಆಹಾರದ ಕಟ್ಟುಪಾಡು, ದೇವನೊಬ್ಬನೇ ಎಂದು ಸಾರುವ ಶೆಮಾ, ಇಷ್ಟನ್ನು ಮನೆಮನೆಯಲ್ಲಿ ಕಾಪಾಡಿಕೊಂಡರು.

ಈ ಜನಕ್ಕೆ ಮೊದಲ ಸಿನಗಾಗನ್ನು ಕಟ್ಟಿಸಿಕೊಟ್ಟವನು ಸ್ಯಾಮುಯೆಲ್ ಇಜೆಕಿಯೆಲ್ ದಿವೇಕರ್. ಅವನು ಇಂಗ್ಲಿಷರ ಮುಂಬಯಿ ಸೈನ್ಯದಲ್ಲಿ ಅಧಿಕಾರಿ. 1780ರಿಂದ 1784ರವರೆಗೆ ನಡೆದ ಎರಡನೆಯ ಮೈಸೂರು ಯುದ್ಧದಲ್ಲಿ ಟೀಪುವಿನ ಸೆರೆಯಾದನು. ಕುರಾನಿನಲ್ಲಿ ಕೇಳಿದ ಬನೀ ಇಸ್ರಾಯಿಲ್ ಎಂಬ ಹೆಸರಿನವರು ಇವರೆಂದು ತಿಳಿದು ಟೀಪುವಿನ ತಾಯಿ ಪ್ರಾಣಭಿಕ್ಷೆ ಬೇಡಿದಳೆಂದೂ, ಬಿಡುಗಡೆಯಾದರೆ ಪ್ರಾರ್ಥನಾಮಂದಿರ ಕಟ್ಟಿಸುವೆನೆಂದು ದಿವೇಕರನು ಹರಕೆ ಹೊತ್ತನೆಂದೂ ಅವರ ಪರಂಪರೆ ಹೇಳುತ್ತದೆ. ಕಥೆ ಹೇಗೇ ಇರಲಿ, 1796ರಲ್ಲಿ ಮುಂಬಯಿಯಲ್ಲಿ ಸಿನಗಾಗ್ ಎದ್ದದ್ದು ನಿಜ. ಅದಕ್ಕೆ ಕರುಣೆಯ ಬಾಗಿಲು ಎಂಬ ಅರ್ಥದ ಹೆಸರು. ಸುತ್ತಲಿನ ಜನ ಅದನ್ನು ಮಸೀದಿಯೆಂದೇ ಕರೆದರು. ಅಲ್ಲಿಯ ರೈಲು ನಿಲ್ದಾಣದ ಮಸ್ಜಿದ್ ಎಂಬ ಹೆಸರಿನಲ್ಲಿ ಆ ನೆನಪು ಉಳಿದಿದೆ. ಕೈಯಿಂದಲೇ ಬರೆಯಬೇಕಾದ ತೋರಾ ಸುರುಳಿಗಳನ್ನು ತರಲು ಕೊಚ್ಚಿಗೆ ಹೋದ ದಿವೇಕರನು 1797ರಲ್ಲಿ ಅಲ್ಲಿಯೇ ತೀರಿಕೊಂಡನು.

ಕಟ್ಟಿಸಿದವನು ಹೋದಮೇಲೆ ನಡೆಸಿದವರು ಯಾರು? ಇಲ್ಲಿ ನನಗೆ ನಮ್ಮ ಸಂತೇಬೆನ್ನೂರಿನ ನೆನಪಾಗುತ್ತದೆ. ನಮ್ಮ ಪುಷ್ಕರಣಿಯನ್ನು ಕಟ್ಟಿಸಿದವನು ಪಾಳೆಯಗಾರ ಕೆಂಗ ಹನುಮಪ್ಪನಾಯಕ. ಆ ಮನೆತನ ಸಂತೇಬೆನ್ನೂರನ್ನು ಬಿಟ್ಟು ಕೊನೆಗೆ ತರೀಕೆರೆಯಲ್ಲಿ ನೆಲೆಸಿತು. ಇಂದು ಕೊಳದ ನಡುವಣ ವಸಂತ ಮಂಟಪ ನೋಡುವವರಿಗೆ ಸೊಗಸು, ಪ್ರಾಚ್ಯವಸ್ತು ಇಲಾಖೆಗೆ ಹೊಣೆ. ಒಬ್ಬ ದೊರೆಯ ದಾನದಿಂದ ಎದ್ದದ್ದು ಅವನ ಆಶ್ರಯ ತಪ್ಪಿದೊಡನೆ ಬರಿಯ ಕಲ್ಲಾಗಿ ನಿಲ್ಲಬಹುದು. ಮುಂಬಯಿಯ ಸಿನಗಾಗ್ ಹಾಗಾಗಲಿಲ್ಲ. ಮುಖ್ಯಸ್ಥನಾಗಿ ಮುಕಾದಮ, ಲೆಕ್ಕಕ್ಕೆ ಗಬ್ಬಾಯಿ, ಪ್ರಾರ್ಥನೆ ಹಾಡಲು ಹಜ್ಜಾನ್, ಹೀಗೆ ಕೆಲಸ ಹಂಚಿಕೊಂಡ ಮನೆವಂದಿಗರು ಅದನ್ನು ನಡೆಸಿದರು. ದೀಪದ ಎಣ್ಣೆಗೂ ಹೆಂಚಿಗೂ ಸಮಾಜವೇ ಹಣ ಕೂಡಿಸಿತು. ತೋರಾ ಓದುವಾಗಿನ ಗೌರವಗಳನ್ನು ಹರಾಜು ಕೂಗುವ ಪದ್ಧತಿ ಯೆಹೂದ್ಯರಲ್ಲಿ ಹಲವೆಡೆ ಉಂಟು. ನಾಯಕನಹಟ್ಟಿಯ ತೇರಿನಲ್ಲಿ ಮುಕ್ತಿ ಬಾವುಟಕ್ಕೆ ಸವಾಲು ಕೂಗುವುದನ್ನು ಕಂಡವರಿಗೆ ಇದು ಹೊಸದೆನಿಸದು. ಶನಿವಾರ ಹಣ ಮುಟ್ಟುವಂತಿಲ್ಲ. ಅಂದು ಬಾಯಿಮಾತು, ಪಾವತಿ ಆಮೇಲೆ.

1968ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಹವುರತ್ ಶಾಲೋಮ್ ಎಂಬ ಕೂಟವನ್ನು ಯುವಜನರು ಕಟ್ಟಿದರು. ಅಲ್ಲಿಂದೀಚೆಗೆ ಸರದಿಯ ಮೇಲೆ ತಾವೇ ಪ್ರಾರ್ಥನೆ ನಡೆಸುವ ಇಂಥ ಕೂಟಗಳು ಆ ದೇಶದಲ್ಲಿ ಹಲವು ಹುಟ್ಟಿವೆ. ದೂರದಲ್ಲಿದ್ದು, ವಾರವಾರ ಬರಲಾರದವರು ವರ್ಷಕ್ಕಿಷ್ಟೆಂದು ಹಣ ಕೊಟ್ಟು ಪೋಷಕ ಸದಸ್ಯರಾಗುವ ಏರ್ಪಾಡು ಇವುಗಳಲ್ಲಿ ಉಂಟು. ನಮಗಿದು ವಂತಿಗೆ. ನಾನೂ ನಮ್ಮೂರ ಶನಿವಾರದ ಭಜನೆಗೆ ಪರಸ್ಥಳದಿಂದ ವಂತಿಗೆ ಕಳುಹಿಸುವವನೇ. ಆ ಭಜನೆಗೂ ಪುರೋಹಿತನಿಲ್ಲ. ಸುತಿಪೆಟ್ಟಿಗೆ ಒಬ್ಬರದು, ಚಾಪೆ ಇನ್ನೊಬ್ಬರದು, ದನಿ ಎಲ್ಲರದು.

ಆದರೆ ವಂತಿಗೆಗೂ ಒಂದು ಮಿತಿಯಿದೆ. 1948ರಲ್ಲಿ ಇಸ್ರೇಲ್ ದೇಶ ಸ್ಥಾಪನೆಯಾದ ಮೇಲೆ ಕೊಂಕಣದಿಂದಲೂ ಕೊಚ್ಚಿಯಿಂದಲೂ ಹೆಚ್ಚಿನವರು ಅಲ್ಲಿಗೆ ಹೊರಟುಹೋದರು. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಶಿ ಸಿನಗಾಗ್ ಇಂದಿಗೂ ಅಚ್ಚುಕಟ್ಟಾಗಿದೆ. ಆದರೆ ಊರಿನವರಿಂದಲೇ ಹತ್ತು ತುಂಬದೆ, ನೋಡಲು ಬಂದ ಪರಊರಿನ ಯೆಹೂದ್ಯರನ್ನು ಸೇರಿಸಿ ಎಣಿಸಬೇಕಾಯಿತು. ನಮ್ಮ ಬೆಂಗಳೂರಿನಲ್ಲಿ ಯೆಹೂದ್ಯರಿಗೆ ಸ್ಮಶಾನವುಂಟು, ಸಿನಗಾಗ್ ಇಲ್ಲ. ದೂರದಿಂದ ಬಂದ ಹಣ ಹೆಂಚು ಹೊದಿಸೀತು, ದೀಪಕ್ಕೆ ಎಣ್ಣೆ ತುಂಬೀತು. ಹತ್ತನೆಯವನಾಗಿ ಬಂದು ಕೂರಲಾರದು.

ಹಾಗೆಂದು ಪೋಷಕನು ಹಗುರವಾದವನಲ್ಲ. ತನಗೆ ಒದಗದ ಪ್ರಾರ್ಥನೆ ಬೇರೆಯವರಿಗೆ ಒದಗಲೆಂದು ಕೊಡುವವನು ಅವನು. ಪುರೋಹಿತನನ್ನು ನಂಬಿದ ಜನ ಅವನಿಲ್ಲದ ದಿನ ಬಾಗಿಲು ಹಾಕಬಹುದು. ಒಬ್ಬರನ್ನೊಬ್ಬರು ನಂಬಿದ ಜನಕ್ಕೆ ಆ ಸೌಕರ್ಯವಿಲ್ಲ: ಅಲ್ಲಿ ಕೊಡುವವರೂ ಬೇಕು, ಬರುವವರೂ ಬೇಕು. ದೂರದಲ್ಲಿರುವವನು ವಂತಿಗೆ ತಪ್ಪಿಸಬಾರದು. ಊರಿಗೆ ಬಂದ ಶನಿವಾರ ಚಾಪೆಯ ಮೇಲೆ ತನ್ನ ಜಾಗವನ್ನೂ ತಪ್ಪಿಸಬಾರದು.