ಅಳಿಸಿದ ಗೆಲುವು, ಸಮುದ್ರ ದಾಟಿದ ಹೆಸರು

ಅಮೆರಿಕದಲ್ಲಿ ಫುಟ್‌ಬಾಲ್ ಅಂದ್ರೆ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ನಾವು ಫುಟ್‌ಬಾಲ್ ಅನ್ನೋದಕ್ಕೆ ಅಲ್ಲಿ ಸಾಕರ್ ಅಂತಾರೆ. ನಾನು ಇಲ್ಲಿ ಹೇಳಹೊರಟಿರೋದು ನಮ್ಮ ಫುಟ್‌ಬಾಲ್ ಕಥೆ. ಓದು, ಕೆಲಸ ಅಂತ ನಾನು ವರ್ಷಗಟ್ಟಲೆ ಇದ್ದ ಊರುಗಳು ಮೂರು ಕಡೆಯವು: ಕ್ಯಾರೊಲೈನಾ, ಅಟ್ಲಾಂಟಾ, ವಾಷಿಂಗ್ಟನ್. ಈ ಊರುಗಳ ಫುಟ್‌ಬಾಲ್ ಚರಿತ್ರೆ ಕೆದಕಿದರೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತೆ. ಅದನ್ನು ಕಟ್ಟಿದವರಲ್ಲಿ ಬಹಳ ಜನ ಬೇರೆ ದೇಶಗಳಿಂದ ಬಂದವರು, ಅದರಲ್ಲೂ ಓದೋಕೆ ಬಂದವರು.

ಮೊದಲು ವಾಷಿಂಗ್ಟನ್. ಅಲ್ಲಿನ ಹೋವರ್ಡ್ ಯೂನಿವರ್ಸಿಟಿ 1867ರಲ್ಲಿ ಶುರುವಾದದ್ದು, ಕಪ್ಪು ಜನರ ಉನ್ನತ ಶಿಕ್ಷಣದ ದೊಡ್ಡ ಕೇಂದ್ರ. 1970ರಲ್ಲಿ ಅದರ ಫುಟ್‌ಬಾಲ್ ತಂಡಕ್ಕೆ ಕೋಚ್ ಆಗಿ ಬಂದವರು ಟ್ರಿನಿಡಾಡ್‌ನ ಗೋಲ್‌ಕೀಪರ್ ಲಿಂಕನ್ ಫಿಲಿಪ್ಸ್. ತಂಡದ ಹೆಚ್ಚಿನ ಹುಡುಗರು ಕೆರಿಬಿಯನ್ ದ್ವೀಪಗಳಿಂದ, ಆಫ್ರಿಕಾದಿಂದ ಓದಲು ಬಂದವರು. 1971ರ ರಾಷ್ಟ್ರೀಯ ಫೈನಲ್‌ನಲ್ಲಿ ಅವರು ಸೇಂಟ್ ಲೂಯಿಸ್ ತಂಡವನ್ನು 3–2ರಿಂದ ಸೋಲಿಸಿದರು. ಸೇಂಟ್ ಲೂಯಿಸ್ ಅಂದ್ರೆ ಸಾಮಾನ್ಯ ಎದುರಾಳಿ ಅಲ್ಲ. 1959ರಿಂದ 1973ರ ನಡುವೆ ಹತ್ತು ಸಲ ಕಪ್ ಎತ್ತಿದ ತಂಡ.

ಆಮೇಲೆ ತಕರಾರು ಶುರುವಾಯ್ತು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆ ಕೆಲವು ಆಟಗಾರರು ಅನರ್ಹರು ಅಂತ ತೀರ್ಮಾನಿಸಿ ಪ್ರಶಸ್ತಿಯನ್ನು ವಾಪಸ್ ಪಡೆಯಿತು. ಅದರ ನಿಯಮಗಳಲ್ಲಿ ಒಂದು ವಿದೇಶಿ ವಿದ್ಯಾರ್ಥಿಗಳಿಗೆ ಮಾತ್ರ ಅಂಟುತ್ತಿತ್ತು. 19 ವರ್ಷ ತುಂಬಿದ ಮೇಲೆ ನಿನ್ನ ದೇಶದಲ್ಲಿ ಯಾವುದೋ ಸಂಘಟಿತ ತಂಡಕ್ಕೆ ಆಡಿದ್ದೀಯಾ? ಹಾಗಾದ್ರೆ ಅಷ್ಟು ವರ್ಷ ಕಾಲೇಜು ಆಟದ ಲೆಕ್ಕದಿಂದ ಕಳೆದುಕೋ. ಅಮೆರಿಕದ ಹುಡುಗ ತನ್ನ ಊರಲ್ಲಿ ಹಾಗೇ ಆಡಿದ್ದರೆ ಈ ಲೆಕ್ಕ ಇರಲಿಲ್ಲ.

ವೀಸಾ ಮೇಲೆ ಓದಲು ಹೋದವರಿಗೆ ಇದರ ಕಹಿ ಗೊತ್ತಾಗುತ್ತೆ. ಊರಲ್ಲಿ ಕಲಿತದ್ದನ್ನೇ ನಂಬಿಕೊಂಡು ವಿಮಾನ ಹತ್ತಿರ್ತೀವಿ. ಅಲ್ಲಿ ಇಳಿದ ಮೇಲೆ ಕೆಲವು ಸಲ ಅದು ಲೆಕ್ಕಕ್ಕೇ ಬರಲ್ಲ. ಈ ಹುಡುಗರ ವಿಷಯದಲ್ಲಿ ಬಂತು, ಆದರೆ ಅವರ ವಿರುದ್ಧವಾಗಿ.

ಹೋವರ್ಡ್ ಎರಡು ದಾರಿಯಲ್ಲಿ ಉತ್ತರ ಕೊಟ್ಟಿತು. ಒಂದು ಕೋರ್ಟಿನಲ್ಲಿ: ವಿದೇಶಿಯರಿಗಷ್ಟೇ ಅನ್ವಯಿಸುವ ಆ ನಿಯಮ ಸಮಾನತೆಗೆ ವಿರುದ್ಧ ಅಂತ ತೀರ್ಪು ಬಂತು, 1975ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಬೇರೆ ಕೆಲವು ನಿಯಮಗಳು ಮಾತ್ರ ಸರಿ ಅಂದಿತು. ಇನ್ನೊಂದು ಉತ್ತರ ಮೈದಾನದಲ್ಲಿ: 1974ರಲ್ಲಿ ಹೋವರ್ಡ್ ಆಡಿದ 19 ಪಂದ್ಯಗಳನ್ನೂ ಗೆದ್ದಿತು. ಫೈನಲ್ ಎದುರಾಳಿ ಮತ್ತೆ ಅದೇ ಸೇಂಟ್ ಲೂಯಿಸ್, ಅದೂ ಅವರದ್ದೇ ಊರಿನಲ್ಲಿ. ನಾಲ್ಕು ಹೆಚ್ಚುವರಿ ಅವಧಿ ಆಡಿ 2–1. ಈ ಕಪ್ಪನ್ನು ಯಾರೂ ಕಸಿಯಲಿಲ್ಲ. 1971ರದ್ದು ಮಾತ್ರ ದಾಖಲೆ ಪುಸ್ತಕದಲ್ಲಿ ಇಂದಿಗೂ ಖಾಲಿ.

ಇದೇ ಹೋವರ್ಡ್‌ನ ಇನ್ನೊಂದು ಮುಖ ಸಂಗೀತದ್ದು. ಉತ್ತರ ಕ್ಯಾರೊಲೈನಾದ ಬ್ಲ್ಯಾಕ್ ಮೌಂಟನ್‌ನಲ್ಲಿ ಹುಟ್ಟಿದ ರಾಬರ್ಟಾ ಫ್ಲ್ಯಾಕ್ ಸ್ಕಾಲರ್‌ಶಿಪ್ ಪಡೆದು ಇಲ್ಲಿಗೆ ಓದಲು ಬಂದಾಗ ಅವರಿಗೆ 15 ವರ್ಷ. ಮುಂದೆ ಹಗಲು ಶಾಲೆಯಲ್ಲಿ ಪಾಠ ಮಾಡಿ, ರಾತ್ರಿ ಕ್ಯಾಪಿಟಲ್ ಹಿಲ್‌ನ 'ಮಿಸ್ಟರ್ ಹೆನ್ರೀಸ್' ಅನ್ನೋ ರೆಸ್ಟೋರೆಂಟಿನಲ್ಲಿ ಹಾಡುತ್ತಿದ್ದರು. 1969ರ ಅವರ ಮೊದಲ ಆಲ್ಬಮ್‌ನ ಒಂದು ಹಾಡು ಆಗ ಅಷ್ಟೇನೂ ಸದ್ದು ಮಾಡಲಿಲ್ಲ. 1971ರಲ್ಲಿ ಕ್ಲಿಂಟ್ ಈಸ್ಟ್‌ವುಡ್ ತಮ್ಮ ಸಿನಿಮಾಕ್ಕೆ ಅದನ್ನು ಬಳಸಿಕೊಂಡರು, 1972ರಲ್ಲಿ ಅದು ಅಮೆರಿಕದ ನಂಬರ್ ಒನ್ ಹಾಡಾಯಿತು. ಅದೇ ವರ್ಷ ಅವರು ಇನ್ನೊಬ್ಬ ಹೋವರ್ಡ್ ವಿದ್ಯಾರ್ಥಿ ಡಾನಿ ಹ್ಯಾಥವೇ ಜೊತೆ ಹಾಡಿದ ಆಲ್ಬಮ್ ಕೂಡ ಬಂತು. ಹಾಡಿಗೂ ತಂಡಕ್ಕೂ ಮೂರು ಮೂರು ವರ್ಷ ಕಾಯುವ ಯೋಗ ಇತ್ತೇನೋ!

ಇನ್ನು ದಕ್ಷಿಣಕ್ಕೆ, ಅಟ್ಲಾಂಟಾಗೆ ಬನ್ನಿ. ಅಲ್ಲಿ ಆಟದ ಕಥೆ ನೇರವಾಗಿ ಪಾಪ್ ಸಂಗೀತಕ್ಕೇ ಹೋಗಿ ಮುಟ್ಟುತ್ತೆ. 1967ರಲ್ಲಿ ಹುಟ್ಟಿದ ಅಟ್ಲಾಂಟಾ ಚೀಫ್ಸ್ ತಂಡಕ್ಕೆ ವೇಲ್ಸ್‌ನ ಫಿಲ್ ವೂಸ್ನಮ್ ಕೋಚ್. 1968ರಲ್ಲಿ ಇಂಗ್ಲೆಂಡಿನ ಹೊಸ ಚಾಂಪಿಯನ್ ಮ್ಯಾಂಚೆಸ್ಟರ್ ಸಿಟಿ ಪ್ರವಾಸ ಬಂದಾಗ ಚೀಫ್ಸ್ 3–2ರಿಂದ ಗೆದ್ದಿತು. ಅದೇನೋ ಅದೃಷ್ಟ ಅನ್ನೋಣ ಅಂದ್ರೆ, ಕೆಲವೇ ವಾರಗಳಲ್ಲಿ ಮತ್ತೆ ಆಡಿ 2–1ರಿಂದ ಗೆದ್ದಿತು. ಆ ವರ್ಷದ ಅಮೆರಿಕದ ಲೀಗ್ ಪ್ರಶಸ್ತಿಯೂ ಅದಕ್ಕೇ ಬಂತು.

ಆ ತಂಡದಲ್ಲಿ ದಕ್ಷಿಣ ಆಫ್ರಿಕಾದ ಸೊವೆಟೊದಿಂದ ಬಂದ ಕೈಜರ್ ಮೊಟಾಂಗ್ ಅನ್ನೋ ಯುವಕ ಇದ್ದ. ಊರಿಗೆ ಮರಳಿದ ಮೇಲೆ, 1970ರಲ್ಲಿ ತನ್ನದೇ ಒಂದು ಕ್ಲಬ್ ಕಟ್ಟಿದ. ತನ್ನ ಹೆಸರು, ಅಟ್ಲಾಂಟಾ ತಂಡದ ಹೆಸರು ಎರಡನ್ನೂ ಸೇರಿಸಿ 'ಕೈಜರ್ ಚೀಫ್ಸ್' ಅಂತ ಕರೆದ. ಅದು ಆ ದೇಶದ ಅತಿ ಜನಪ್ರಿಯ ಕ್ಲಬ್‌ಗಳಲ್ಲಿ ಒಂದಾಯಿತು. ಅಲ್ಲಿ ಆಡಿದ ಲೂಕಸ್ ರಡೆಬೆ 1994ರಲ್ಲಿ ಇಂಗ್ಲೆಂಡಿನ ಲೀಡ್ಸ್‌ಗೆ ಬಂದು, ಮುಂದೆ ನಾಯಕನೂ ಆದ. ಲೀಡ್ಸ್‌ನ ಒಂದಷ್ಟು ಹುಡುಗರು, ಆ ತಂಡದ ಅಭಿಮಾನಿಗಳು, ತಮ್ಮ ಬ್ಯಾಂಡ್‌ಗೆ ಅವನ ಹಳೇ ಕ್ಲಬ್ಬಿನ ಹೆಸರಿಟ್ಟರು. ಒಂದೇ ಒಂದು ಅಕ್ಷರ ಬದಲಿಸಿ, 'ಕೈಸರ್ ಚೀಫ್ಸ್' ಅಂತ.

2005ರಲ್ಲಿ ಅವರ ಮೊದಲ ಆಲ್ಬಮ್ ಬಂದಾಗ ನಾನೂ ಸಿಡಿ ತಗೊಂಡು ಕಾರಲ್ಲಿ ಹಾಕ್ಕೊಂಡು ಸುತ್ತಿದ್ದೇನೆ. ಅಟ್ಲಾಂಟಾದ ರಸ್ತೆಗಳಲ್ಲೇ ಕೇಳುತ್ತಿದ್ದ ಆ ಬ್ಯಾಂಡ್‌ನ ಹೆಸರಲ್ಲಿ ಅರ್ಧ ಅದೇ ಊರಿನದು ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಅಷ್ಟು ಹೊತ್ತಿಗೆ ಹಳೇ ಚೀಫ್ಸ್ ತಂಡವೇ ಇರಲಿಲ್ಲ.

ಅಟ್ಲಾಂಟಾದಿಂದ ಐ-85 ಹೆದ್ದಾರಿ ಹಿಡಿದು ಎರಡು ಗಂಟೆ ಹೋದರೆ ದಕ್ಷಿಣ ಕ್ಯಾರೊಲೈನಾದ ಕ್ಲೆಮ್ಸನ್. ಅಲ್ಲಿ 1967ರಲ್ಲಿ ಫುಟ್‌ಬಾಲ್ ತಂಡ ಕಟ್ಟಿದವರು ಹೈಫಾದಲ್ಲಿ ಹುಟ್ಟಿದ ಐ. ಎಂ. ಇಬ್ರಾಹಿಂ. 1970ರ ದಶಕದಲ್ಲಿ ಅವರ ತಂಡದ ಬೆನ್ನೆಲುಬು ನೈಜೀರಿಯಾ, ಗಯಾನಾದ ಹುಡುಗರು. 1984, 1987ರಲ್ಲಿ ಕ್ಲೆಮ್ಸನ್ ರಾಷ್ಟ್ರೀಯ ಚಾಂಪಿಯನ್ ಆಯಿತು. ನಾನು ಕ್ಯಾರೊಲೈನಾದಲ್ಲೇ ಎಂ.ಎಸ್. ಓದುವಾಗ ಸಂಜೆ ಲ್ಯಾಬ್ ಮುಗಿಸಿ ಆಡೋಕೆ ಹೋದರೂ ಇದೇ ಚಿತ್ರ: ಟರ್ಕಿಯವನು ಗೋಲಲ್ಲಿ, ಘಾನಾದವನು ಮುಂದೆ, ನಾನು ಎಲ್ಲೋ ಬದಿಯಲ್ಲಿ ಏದುಸಿರು ಬಿಡುತ್ತಾ.

ನಮ್ಮಲ್ಲೂ ಹೀಗೇ ಮರೆತದ್ದು ಬೇಕಾದಷ್ಟಿದೆ. 1937ರಲ್ಲಿ ರೋವರ್ಸ್ ಕಪ್ ಗೆದ್ದ ಬೆಂಗಳೂರು ಮುಸ್ಲಿಮ್ಸ್, ಆ ಕಪ್ ಗೆದ್ದ ಮೊದಲ ಭಾರತೀಯ ತಂಡ. ಬೆಂಗಳೂರಿನ ಎಷ್ಟು ಜನ ಈ ಹೆಸರು ಕೇಳಿದ್ದಾರೆ? ಸಂತೋಷ್ ಟ್ರೋಫಿಯನ್ನು 1968–69ರಲ್ಲಿ ಮೈಸೂರು ಅನ್ನೋ ಹೆಸರಲ್ಲಿ ಗೆದ್ದ ನಮ್ಮ ರಾಜ್ಯ, ಮತ್ತೆ ಗೆದ್ದದ್ದು 54 ವರ್ಷ ಕಳೆದು, 2023ರಲ್ಲಿ. ಅದೂ ಸೌದಿಯ ರಿಯಾದ್‌ನಲ್ಲಿ.

ದಾಖಲೆ ಪುಸ್ತಕಕ್ಕೆ ಅದರದ್ದೇ ನಿಯಮ ಇರುತ್ತೆ, ಇರಲಿ. ಆದರೆ 1971ರ ಆ ಫೈನಲ್‌ನಲ್ಲಿ ಹೋವರ್ಡ್ ಮೂರು ಗೋಲು ಹೊಡೆದದ್ದು ನಿಜ, ಎದುರಾಳಿ ಎರಡು ಹೊಡೆದದ್ದೂ ನಿಜ. ಊರಲ್ಲಿ ಆಡಿ ಕಲಿತದ್ದನ್ನು ಜೊತೆಗೆ ತಂದವರ ಗೆಲುವು ಅದು. ಅಳಿಸಿದ ಜಾಗದಲ್ಲಿ ಏನಿತ್ತು ಅಂತ ಹೇಳೋ ಕೆಲಸ ಈಗ ಪುಸ್ತಕದ್ದಲ್ಲ, ನಮ್ಮದು. ಅದಕ್ಕೇ ನಿಮಗೂ ಹೇಳಿದೆ.