ಒಲೆಯ ಮುಂದಿನ ಬೆಳಕು

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹರಿದದ್ದು ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿದೀಪಕ್ಕೆ. ಅಡುಗೆಮನೆಯ ಸರದಿ ಬಂದದ್ದು ಬಹಳ ತಡವಾಗಿ. ಎಡಕುಮೇರಿಯ ಆಸುಪಾಸಿನ ಸಕಲೇಶಪುರದ ಬೆಟ್ಟಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ಬೆಳಕಲ್ಲೇ ಬಹುಕಾಲ ಅಡುಗೆ ನಡೆಯಿತು. ಮುಂದೆ ಭಾಗ್ಯಜ್ಯೋತಿ ಯೋಜನೆ ಬಡವರ ಮನೆಗೆ ಕೊಟ್ಟದ್ದು ಒಂದೇ ಬಲ್ಬು. ಅದನ್ನು ನಡುಮನೆಗೆ ಹಾಕುವುದೋ, ಒಲೆಯ ಮೇಲೋ? ವಿದ್ಯುದೀಕರಣದ ಲೆಕ್ಕ ಮನೆಗಳನ್ನು ಎಣಿಸುತ್ತದೆ, ಕೋಣೆಗಳನ್ನಲ್ಲ; ಸಂಶೋಧಕಿಯಾದ ನನಗೆ ತೊಡಕಾಗುವುದು ಇಲ್ಲೇ.

ಈಗ ಸೆನ್ಸರ್ ಬಂದಿದೆ. ಸ್ವಿಚ್ಚು ಮುಟ್ಟದೆಯೇ ದೀಪ ಹೊತ್ತುತ್ತದೆ. ಅಕ್ಕಿರೊಟ್ಟಿ ತಟ್ಟುವ ಹಿಟ್ಟಿನ ಕೈಗೆ ಅನುಕೂಲವೇ, ಒಪ್ಪುತ್ತೇನೆ. ಆದರೆ ಸಾಮಾನ್ಯ ಪಿಐಆರ್ ಸೆನ್ಸರ್ ಗುರುತಿಸುವುದು ಮೈಶಾಖದ ಚಲನೆಯನ್ನು. ಬೆರಳಷ್ಟೇ ಆಡಿಸುತ್ತ ಅಕ್ಕಿ ಆರಿಸಲು ಕೂತವಳು ಅದಕ್ಕೆ ಎಷ್ಟೋ ಸಲ ಕಾಣಿಸುವುದೇ ಇಲ್ಲ. ಅಡುಗೆಮನೆ ಖಾಲಿಯೆಂದು ಬಗೆದು ದೀಪ ಆರಿಸಿಬಿಡುತ್ತದೆ.