ಬಡವರ ನಾಯಿ, ದೊರೆಗಳ ಕಾನೂನು

ಇಂಗ್ಲೆಂಡಿನಲ್ಲಿ ಲರ್ಚರ್ ಅಂತ ಒಂದು ಬೇಟೆನಾಯಿ ಇದೆ. ಶುದ್ಧ ತಳಿ ಅಲ್ಲ, ಬೆರಕೆ. ಗ್ರೇಹೌಂಡಿನ ಓಟಕ್ಕೆ ಕುರಿ ಕಾಯೋ ಕೋಲಿಯ ಬುದ್ಧಿ, ದಮ್ಮು ಸೇರಿಸ್ತಾರೆ. ಬರೀ ಮೊಲಕ್ಕಾದ್ರೆ ಅಷ್ಟು ದೊಡ್ಡ ನಾಯಿ ಬೇಡ. ವಿಪ್ಪೆಟ್‌ಗೆ ಬೆಡ್ಲಿಂಗ್ಟನ್ ಟೆರಿಯರ್ ಬೆರೆತ ಸಣ್ಣದು ಸಾಕು: ಮೊಲ ಬಿಲ ಸೇರೋದ್ರೊಳಗೆ ಹಿಡೀತದೆ, ಮುಳ್ಳುಪೊದೆಗೂ ಹೆದರಲ್ಲ.

ಲರ್ಚರ್‌ಗಳನ್ನ ಹಿಂದಿನಿಂದ ಸಾಕಿಕೊಂಡು ಬಂದವರಲ್ಲಿ ಹೆಚ್ಚಿನವರು ಕೂಲಿಗಳು, ರೊಮಾನಿ ಅಲೆಮಾರಿಗಳು. ಅವರಿಗೆ ಮೊಲ ಅಂದ್ರೆ ಮೋಜಲ್ಲ, ರಾತ್ರಿಯ ಸಾರು.

ದೊರೆಗಳು ಸುಮ್ಮನಿರ್ತಾರಾ? ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಜಮೀನಿಲ್ಲದ ಸಾಮಾನ್ಯರು ಗ್ರೇಹೌಂಡ್, ಲರ್ಚರ್ ಸಾಕೋ ಹಾಗಿಲ್ಲ ಅಂತ 1671ರಲ್ಲಿ ಬೇಟೆ ಕಾನೂನು ತಂದ್ರು. ಜಮೀನ್ದಾರನ ಕಾವಲುಗಾರ ವಾರಂಟ್ ಹಿಡಿದು ಮನೆ ಶೋಧಿಸಿ ನಾಯಿ ಎಳೆದೊಯ್ಯಬಹುದಿತ್ತು. ಬೇಟೆಗೆ ಆಸ್ತಿ ಇರಲೇಬೇಕು ಅನ್ನೋ ಶರತ್ತು ಹೋಗಿದ್ದು 1831ರಲ್ಲಿ, 160 ವರ್ಷ ಆದ್ಮೇಲೆ.

ಈಗ ಇಲ್ಲಿಗೆ ಬನ್ನಿ. ಮನುಸ್ಮೃತಿ ಚಂಡಾಲರನ್ನ ಊರಾಚೆ ಇಟ್ಟು, ನಾಯಿ ಕತ್ತೆಗಳೇ ಅವರ ಸಂಪತ್ತು ಅಂತ ವಿಧಿಸಿತು. ಅಲ್ಲಿ ಬಡವನಿಗೆ ಬೇಟೆನಾಯಿ ಇರಬಾರದು. ಇಲ್ಲಿ ನಮಗೆ ನಾಯಿ ಕತ್ತೆ ಬಿಟ್ಟು ಬೇರೇನೂ ಇರಬಾರದು. ಭೂಮಿ ಮಾತ್ರ ಎರಡೂ ಕಡೆ ಅವರದ್ದೇ.

ಯಾರು ಏನು ಸಾಕಬೇಕು, ಏನು ತಿನ್ನಬೇಕು ಅಂತ ಇವತ್ತೂ ಹೇಳೋಕೆ ಬರ್ತಾರಲ್ಲ, ಅವರನ್ನ ಒಂದೇ ಕೇಳಿ: ನಿಮಗೆಷ್ಟು ಎಕರೆ ಇದೆ?

ಜೈ ಭೀಮ್.